ಪೂರ್ಣಮನಸ್ಸಿನ ವಿಧೇಯತೆ, ಎಡೆಬಿಡದ ವಿಶ್ವಾಸ

(ಶತಮಾನೋತ್ಸವದ ಕೃತಜ್ಞತಾ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



 ನೂರು ವರ್ಷ ತುಂಬಿದ ಸಂತೋಷದಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸುವ ಈ ಸಭೆಯಲ್ಲಿ ಕ್ರೈಸ್ತ ಜೀವನದಲ್ಲಿ ವಿಧೇಯತೆ ಮತ್ತು ವಿಶ್ವಾಸ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಇಲ್ಲಿ ಕುಳಿತವರಲ್ಲಿ ಹಲವರು ಹಿಂದೂ ಬಂಧುಗಳು, ಮುಸ್ಲಿಂ ಬಂಧುಗಳು. ಹಬ್ಬದ ದಿನ ನೆರೆಮನೆಯವರ ತಟ್ಟೆಯನ್ನು ನಾವು ಹೇಗೆ ಸ್ವೀಕರಿಸುತ್ತೇವೆಯೋ ಹಾಗೆಯೇ ತಾವು ಈ ಮಾತುಗಳನ್ನು ಸ್ವೀಕರಿಸಬೇಕೆಂದು ಬೇಡಿಕೊಳ್ಳುತ್ತೇವೆ. ನಾವು ಉಪದೇಶಕರಲ್ಲ, ಉಪಾಧ್ಯಾಯರು. ಆದುದರಿಂದ ತರಗತಿಯಲ್ಲಿ ನಾವು ಮಾಡಿದ ಒಂದು ತಪ್ಪಿನಿಂದಲೇ ಆರಂಭಿಸುತ್ತೇವೆ.

ನಾವು ಉಪಾಧ್ಯಾಯ ವೃತ್ತಿಗೆ ಬಂದ ಮೊದಲ ವರ್ಷಗಳ ಮಾತು. ಬೇಸಿಗೆ ಕಾಲಿಟ್ಟಿತ್ತು. ಶಾಲೆಯ ಗೋಡೆಯ ಉದ್ದಕ್ಕೂ ಮಕ್ಕಳ ಕೈಯಿಂದ ನೆಡಿಸಿದ ಬೇವಿನ ಸಸಿಗಳಿದ್ದವು. ಭಾನುವಾರದ ದಿನ ಅವುಗಳಿಗೆ ನೀರು ಹಾಕುವವರು ಯಾರು ಎಂದು ತರಗತಿಯಲ್ಲಿ ಕೇಳಿ, ಇಬ್ಬರು ಹುಡುಗರ ಹೆಸರನ್ನು ನಾವೇ ಕರೆದೆವು. ಒಬ್ಬನು ಎದ್ದು ನಿಂತು, ಆಗಲಿ ಮೇಡಂ ಎಂದನು. ಇನ್ನೊಬ್ಬನು ತಲೆ ತಗ್ಗಿಸಿ, ಆಗುವುದಿಲ್ಲ ಮೇಡಂ ಎಂದನು. ಆಗಲಿ ಎಂದವನನ್ನು ಎಲ್ಲರ ಮುಂದೆ ಹೊಗಳಿದೆವು. ಆಗುವುದಿಲ್ಲ ಎಂದವನನ್ನು ಆ ಗಂಟೆ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಿಸಿದೆವು. ಭಾನುವಾರ ಸಂಜೆ ಆರಾಧನೆ ಮುಗಿಸಿಕೊಂಡು ಶಾಲೆಯ ಮುಂದಿನ ದಾರಿಯಲ್ಲಿ ಬರುತ್ತಿದ್ದಾಗ, ಹೊರಗೆ ನಿಲ್ಲಿಸಿದ್ದ ಆ ಹುಡುಗನೇ ತನ್ನ ತಂಗಿಯೊಡನೆ ಕೊಳವೆಬಾವಿಯಿಂದ ಬಿಂದಿಗೆಯಲ್ಲಿ ನೀರು ತಂದು ಸಸಿಗಳ ಬುಡಕ್ಕೆ ಸುರಿಯುತ್ತಿದ್ದುದನ್ನು ಕಂಡೆವು. ಭಾನುವಾರ ಹಗಲೆಲ್ಲಾ ಕುರಿ ಕಾಯುವುದು ಅವನ ಪಾಲಿನ ಕೆಲಸ. ಆಗುವುದಿಲ್ಲ ಎಂದು ಅವನು ಹೇಳಿದ್ದು ನಿಜವನ್ನೇ. ಕುರಿಗಳನ್ನು ರೊಪ್ಪಕ್ಕೆ ಕೂಡಿದ ಮೇಲೆ ಅವನು ಬಂದಿದ್ದನು. ಇನ್ನೊಬ್ಬನು ಬರಲೇ ಇಲ್ಲ.

ಏಕೆ ಆಗುವುದಿಲ್ಲ ಎಂದು ಒಂದು ಮಾತು ಕೇಳುವಷ್ಟು ತಾಳ್ಮೆ ಅಂದು ನಮ್ಮಲ್ಲಿರಲಿಲ್ಲ. ಅಂದು ರಾತ್ರಿ ಮತ್ತಾಯನ ಸುವಾರ್ತೆಯ ಇಪ್ಪತ್ತೊಂದನೆಯ ಅಧ್ಯಾಯ ನೆನಪಾಗಿ ನಮಗೆ ನಿದ್ರೆ ಹತ್ತಲಿಲ್ಲ. ಅಲ್ಲಿ ಯೇಸು ಸ್ವಾಮಿಯು ಹೇಳುವ ಸಾಮ್ಯದಲ್ಲಿ ಒಬ್ಬ ತಂದೆಗೆ ಇಬ್ಬರು ಮಕ್ಕಳು. ದ್ರಾಕ್ಷಿ ತೋಟಕ್ಕೆ ಹೋಗಿ ಕೆಲಸ ಮಾಡು ಎಂದಾಗ ಒಬ್ಬನು ಒಲ್ಲೆನೆಂದು ಹೇಳಿ ಆಮೇಲೆ ಮನಸ್ಸು ಬದಲಿಸಿಕೊಂಡು ಹೋಗುತ್ತಾನೆ. ಇನ್ನೊಬ್ಬನು ಹೋಗುತ್ತೇನೆಂದು ಹೇಳಿ ಹೋಗದೆ ಇರುತ್ತಾನೆ. ತಂದೆಯ ಇಷ್ಟವನ್ನು ನೆರವೇರಿಸಿದವನು ಯಾರು ಎಂಬುದು ಸ್ವಾಮಿಯ ಪ್ರಶ್ನೆ. ಆ ಸಾಮ್ಯವನ್ನು ಭಾನುವಾರದ ಶಾಲೆಯಲ್ಲಿ ಎಷ್ಟೋ ಸಲ ಕಲಿಸಿದ್ದೆವು. ಆದರೆ ಅದೇ ಇಬ್ಬರು ಮಕ್ಕಳು ನಮ್ಮ ಕಣ್ಣೆದುರಿಗೆ ನಿಂತಾಗ ನಮಗೆ ಗುರುತು ಸಿಗಲಿಲ್ಲ.

ವಿಧೇಯತೆಯ ಬಗೆಗೆ ನಾವು ಮೊದಲು ಕಲಿತ ಪಾಠ ಇದು. ಅದು ನಾಲಿಗೆಯ ಮೇಲೆ ಇರುವುದಿಲ್ಲ, ನಡೆಯುವ ಕಾಲುಗಳಲ್ಲಿರುತ್ತದೆ. ಶಾಲೆಯೆಂಬ ಸಂಸ್ಥೆಯಲ್ಲಿ ಗದ್ದಲವಿಲ್ಲದಿರುವುದನ್ನೂ, ಎದುರು ಮಾತಾಡದಿರುವುದನ್ನೂ, ಹೌದು ಎನ್ನುವುದನ್ನೂ ನಾವು ವಿಧೇಯತೆ ಎಂದು ಕರೆಯುತ್ತೇವೆ. ಅದು ನಮ್ಮ ಅನುಕೂಲಕ್ಕೆ ಕೊಟ್ಟುಕೊಂಡ ಹೆಸರು. ಸತ್ಯವೇದದಲ್ಲಿ ವಿಧೇಯತೆ ಎಂದರೆ ಕೇಳಿದ ಮಾತನ್ನು ಮನಸ್ಸಿಗೆ ತೆಗೆದುಕೊಂಡು ಅದರಂತೆ ನಡೆಯುವುದು, ಮತ್ತು ನೋಡುವವರು ಯಾರೂ ಇಲ್ಲದ ಭಾನುವಾರ ಸಂಜೆಯೂ ನಡೆಯುವುದು.

ಪೂರ್ಣಮನಸ್ಸಿನಿಂದ ಎಂಬ ಮಾತನ್ನು ಹಳೆಯ ಒಡಂಬಡಿಕೆಯು ಬಹು ಕಡಮೆ ಜನರಿಗೆ ಬಳಸಿದೆ. ಅವರಲ್ಲಿ ಒಬ್ಬನು ಕಾಲೇಬನು. ಮೋಶೆಯು ಕಾನಾನ್ ದೇಶವನ್ನು ನೋಡಿ ಬರಲು ಹನ್ನೆರಡು ಮಂದಿಯನ್ನು ಕಳುಹಿಸಿದಾಗ ಕಾಲೇಬನಿಗೆ ನಲವತ್ತು ವರ್ಷ. ಹತ್ತು ಮಂದಿ ಅಲ್ಲಿಯ ಕೋಟೆಗಳನ್ನೂ ಎತ್ತರದ ಆಳುಗಳನ್ನೂ ಕಂಡು ಎದೆಗುಂದಿ ಬಂದರು. ಹೋಗಬಹುದು ಎಂದು ಹೇಳಿದವರು ಕಾಲೇಬ ಮತ್ತು ಯೆಹೋಶುವ ಇಬ್ಬರೇ. ಜನರು ಹತ್ತು ಮಂದಿಯ ಮಾತನ್ನು ನಂಬಿದರು. ಅದರಿಂದಾಗಿ ಇಡೀ ಜನಾಂಗವು ನಲವತ್ತು ವರ್ಷ ಅರಣ್ಯದಲ್ಲಿ ಅಲೆಯಬೇಕಾಯಿತು. ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ತಪ್ಪು ಮಾಡದ ಕಾಲೇಬನೂ ಅವರೊಡನೆ ಅಲೆದನು. ಬೇರೆಯವರ ಅಪನಂಬಿಕೆಯ ಶಿಕ್ಷೆಯನ್ನು ತಾನೂ ಉಂಡನು. ಅವನು ಜನರನ್ನು ತೊರೆದು ಹೋದನೆಂದಾಗಲಿ, ತನಗಾದ ಅನ್ಯಾಯವನ್ನು ಹೇಳಿಕೊಂಡು ತಿರುಗಿದನೆಂದಾಗಲಿ ಬರೆದಿಲ್ಲ. ಅವನು ಮತ್ತೆ ಬಾಯಿ ತೆರೆಯುವುದು ನಲವತ್ತೈದು ವರ್ಷಗಳ ಮೇಲೆ, ತನ್ನ ಎಂಬತ್ತೈದನೆಯ ವಯಸ್ಸಿನಲ್ಲಿ. ದೇಶವನ್ನು ಹಂಚುವ ಸಮಯದಲ್ಲಿ ಅವನು ಯೆಹೋಶುವನ ಬಳಿಗೆ ಬಂದು ಹೆಬ್ರೋನಿನ ಬೆಟ್ಟದ ಸೀಮೆಯನ್ನು ಕೇಳಿದನು. ಹಿಂದೆ ಹತ್ತು ಮಂದಿ ಕಂಡು ಹೆದರಿದ್ದ ಕೋಟೆಗಳೂ ಎತ್ತರದ ಆಳುಗಳೂ ಇದ್ದದ್ದು ಅಲ್ಲಿಯೇ. ಆ ವಯಸ್ಸಿನಲ್ಲಿ ತಗ್ಗಿನ ನೀರಾವರಿ ಭೂಮಿಯನ್ನು ಕೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ರಾಯದುರ್ಗದವರಿಗೂ ಮಡಕಶಿರಾದವರಿಗೂ ಬೆಟ್ಟವೆಂದರೇನು, ಕೋಟೆಯೆಂದರೇನು ಎಂದು ಹೇಳಬೇಕಾಗಿಲ್ಲ. ಎರಡೂ ಊರುಗಳು ಬೆಟ್ಟದ ಮಗ್ಗುಲಲ್ಲಿಯೇ ಬೆಳೆದವು. ನಡುಹಗಲಿನಲ್ಲಿ ಆ ಬಂಡೆಗಳ ಕಾವು ಹೇಗಿರುತ್ತದೆ ಎಂಬುದು ನಮ್ಮ ಮಕ್ಕಳ ಬರಿಗಾಲುಗಳಿಗೆ ಗೊತ್ತು. ಎಂಬತ್ತೈದರ ಮುದುಕನೊಬ್ಬನು ಅಂತಹ ಬೆಟ್ಟವನ್ನೇ ತನ್ನ ಪಾಲಿಗೆ ಕೇಳಿದನೆಂದರೆ ಅವನ ವಿಶ್ವಾಸ ಎಂಥದೆಂದು ನಾವು ಬೇರೆಯವರಿಗಿಂತ ಬೇಗ ಅರಿಯಬಲ್ಲೆವು.

ಕಾಲೇಬನ ಕಥೆ ಅಷ್ಟಕ್ಕೆ ಮುಗಿಯುವುದಿಲ್ಲ. ಅವನಿಗೆ ಅಕ್ಸಾ ಎಂಬ ಮಗಳಿದ್ದಳು. ಮದುವೆಯಾಗಿ ಹೋದ ಮೇಲೆ ಅವಳು ತಂದೆಯ ಬಳಿಗೆ ಬಂದು, ನೀನು ನನಗೆ ಕೊಟ್ಟ ಭೂಮಿ ಒಣಭೂಮಿ, ನೀರಿನ ಬುಗ್ಗೆಗಳನ್ನೂ ಕೊಡಬೇಕು ಎಂದು ಕೇಳಿದಳು. ಕಾಲೇಬನು ಮೇಲಿನ ಬುಗ್ಗೆಗಳನ್ನೂ ಕೆಳಗಿನ ಬುಗ್ಗೆಗಳನ್ನೂ ಅವಳಿಗೆ ಕೊಟ್ಟನು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನು ನೆಚ್ಚಿಕೊಂಡು, ಅದೂ ಸಕಾಲಕ್ಕೆ ಬರುವುದೋ ಇಲ್ಲವೋ ಎಂದು ಮುಗಿಲು ನೋಡುತ್ತಾ ಕಡಲೆಕಾಯಿ ಬಿತ್ತುವ ಅನಂತಪುರದ ನೆಲದಲ್ಲಿ ಈ ಮಾತನ್ನು ಓದುವಾಗ ನಮಗೆ ಎದೆ ತುಂಬಿ ಬರುತ್ತದೆ. ತಂದೆಯು ವಿಧೇಯತೆಗೆ ಮಾದರಿಯಾದರೆ ಮಗಳು ಕೇಳುವುದಕ್ಕೆ ಮಾದರಿ. ಒಂದೇ ಮನೆಯಲ್ಲಿ ಎರಡೂ ಇದ್ದವು. ವಿಧೇಯನಾದವನು ಏನನ್ನೂ ಕೇಳಬಾರದು, ಕೊಟ್ಟಷ್ಟಕ್ಕೆ ತೆಪ್ಪಗಿರಬೇಕು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಅದನ್ನೇ ಕಲಿಸುತ್ತೇವೆ. ಅಕ್ಸಾ ಕೇಳಿದಳು, ತಂದೆಯು ಅದನ್ನು ಅವಿಧೇಯತೆಯೆಂದು ಎಣಿಸಲಿಲ್ಲ.

ದೂರದ ಕಾನಾನಿನಿಂದ ನಮ್ಮ ನೆರೆಯ ಬಳ್ಳಾರಿಗೆ ಬರೋಣ. ಈ ಶಾಲೆ ಹುಟ್ಟಿದಾಗ ರಾಯದುರ್ಗವು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ ತಾಲ್ಲೂಕಾಗಿತ್ತು ಎಂಬುದು ಇಲ್ಲಿಯ ಹಿರಿಯರಿಗೆ ತಿಳಿದಿದೆ. ಆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬುವರು ಬಂದರು. ಅವರ ಮುಂದಿದ್ದ ಕೆಲಸ ಸತ್ಯವೇದವನ್ನು ಕನ್ನಡಕ್ಕೆ ತರುವುದು. ಅಂದು ಪರದೇಶದವನು ಕನ್ನಡ ಕಲಿಯಲು ಅಚ್ಚಾದ ವ್ಯಾಕರಣವಿರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅಚ್ಚಾದ ನಿಘಂಟೂ ಇರಲಿಲ್ಲ. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಅವರ ಜೊತೆಗಾರರಾದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1832ರಲ್ಲಿ. ಇದ್ದದ್ದು ಊರಿನ ಪಂಡಿತರು, ಅವರ ತಾಳ್ಮೆ, ಮತ್ತು ಜನರ ಬಾಯಿಯ ಮಾತು. ಒಂದೊಂದು ಶಬ್ದವನ್ನು ಕೇಳಿ, ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿ ಮುಗಿಯುವ ಹೊತ್ತಿಗೆ 1831 ಆಗಿತ್ತು. ಇಪ್ಪತ್ತೊಂದು ವರ್ಷ! ನಮ್ಮ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವು ಓದಿ, ಮದುವೆಯಾಗಿ, ತನ್ನ ಮಗುವಿನ ಕೈ ಹಿಡಿದು ಅದೇ ಬಾಗಿಲಿಗೆ ಬರುವಷ್ಟು ಕಾಲ.

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಭಾಗವು ಇದರ ಮುಂದಿನದು. ಇಷ್ಟು ವರ್ಷಗಳ ದುಡಿಮೆಯಿಂದ ಆದ ಅನುವಾದವು ಕೊನೆಯ ಮಾತಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದರ ಭಾಷೆ ಸಾಲದೆಂದು ಕಂಡಿತು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದನ್ನು ತಿದ್ದಲು ಕುಳಿತರು. ಅವರು ತಿದ್ದಿದ್ದನ್ನು ಅವರ ಮುಂದಿನವರು ತಿದ್ದಿದರು. ಇಂದು ಇಲ್ಲಿಯ ಸಭೆಗಳಲ್ಲಿ ನಾವು ಓದುವ ಕನ್ನಡ ಸತ್ಯವೇದದಲ್ಲಿ ಹ್ಯಾಂಡ್ಸ್ ಅವರ ವಾಕ್ಯಗಳು ಹಾಗೆ ಹಾಗೆಯೇ ಉಳಿದಿರುವುದು ಎಷ್ಟು ಎಂದು ಹುಡುಕಿದರೆ ಬಹಳ ಸಿಗಲಾರದು. ಹಾಗಾದರೆ ಆ ಇಪ್ಪತ್ತೊಂದು ವರ್ಷಗಳು ವ್ಯರ್ಥವಾದವೇ? ಮೊದಲನೆಯ ಕೈಬರಹವಿಲ್ಲದೆ ತಿದ್ದುವ ಕೈಗೆ ಕೆಲಸವೇ ಇರುತ್ತಿರಲಿಲ್ಲ. ವಿಧೇಯನಾದ ಕೆಲಸಗಾರನಿಗೆ ತನ್ನ ಕೆಲಸವೇ ಕೊನೆಯದಾಗಬೇಕೆಂಬ ಹಟ ಇರುವುದಿಲ್ಲ. ತನ್ನ ಪಾಲಿನ ಸಾಲನ್ನು ಪೂರ್ಣಮನಸ್ಸಿನಿಂದ ಬರೆದು, ಮುಂದೆ ಬರುವವನು ಅದನ್ನು ತಿದ್ದಲಿ ಎಂದು ಬಿಟ್ಟುಹೋಗುತ್ತಾನೆ. ಉಪಾಧ್ಯಾಯರಾದ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಸಿಗುವುದಿಲ್ಲ. ನಾವು ಒಂದನೆಯ ತರಗತಿಯಲ್ಲಿ ತಿದ್ದಿಸಿದ ಅಕ್ಷರವು ಹತ್ತನೆಯ ತರಗತಿಗೆ ಬರುವಾಗ ಗುರುತೇ ಸಿಗದಂತೆ ಬದಲಾಗಿರುತ್ತದೆ. ಆ ಪಂಡಿತರಂತೆ, ತಿದ್ದಿಸಿದವರ ಹೆಸರು ಯಾವ ಮುಖಪುಟದ ಮೇಲೆಯೂ ಇರುವುದಿಲ್ಲ.

ಶಾಲೆಯ ಮಕ್ಕಳಿಗೆ ಪರಿಚಿತವಾದ ಇನ್ನೊಂದು ಹೆಸರು ಫರ್ಡಿನಂಡ್ ಕಿಟ್ಟೆಲ್ ಅವರದು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಇಲ್ಲಿಗೆ ಬಂದಾಗ ಅವರು ಇಪ್ಪತ್ತೊಂದರ ತರುಣರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ. ಆ ನಡುವೆ ಅವರು ತಮ್ಮ ದೇಶಕ್ಕೆ ಹಿಂದಿರುಗಿದ್ದೂ ಉಂಟು. ಆದರೆ ನಿಘಂಟಿನ ಕೆಲಸ ಬಾಕಿಯಿದ್ದುದರಿಂದ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿ ಬಂದರು. ಧರ್ಮಪ್ರಚಾರಕ್ಕೆ ಬಂದವನಿಗೆ ಹಳಗನ್ನಡದ ಛಂದಸ್ಸೂ ವ್ಯಾಕರಣವೂ ಗಾದೆಗಳೂ ಏತಕ್ಕೆ ಎಂದು ಯಾರಿಗಾದರೂ ಅನಿಸುವಂಥದೇ. ಒಪ್ಪಿಕೊಂಡ ಕೆಲಸವನ್ನು ಮುಗಿಸಿಯೇ ತೀರುವುದು ಅವರ ಉತ್ತರವಾಗಿತ್ತು. ಇಂದು ಯಾವ ಧರ್ಮದ ಕನ್ನಡಿಗನೂ ಆ ನಿಘಂಟನ್ನು ತನ್ನದೆಂದು ತೆರೆಯುತ್ತಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧವಾಗುತ್ತದೆ. ವಿಧೇಯತೆ ಎಂಬ ಪದವನ್ನು ದೊಡ್ಡವರು ತಮ್ಮ ಲಾಭಕ್ಕೆ ಬಳಸಿಕೊಂಡಷ್ಟು ಬೇರೆ ಯಾವ ಪದವನ್ನೂ ಬಳಸಿಕೊಂಡಿಲ್ಲವೆನ್ನಬಹುದು. ಮಗಳು ಓದು ಬಿಟ್ಟು ಮದುವೆಗೆ ಒಪ್ಪುವುದನ್ನು ವಿಧೇಯತೆ ಎನ್ನುತ್ತೇವೆ. ಆಳು ಕೂಲಿ ಕೇಳದಿರುವುದನ್ನು ವಿಧೇಯತೆ ಎನ್ನುತ್ತೇವೆ. ಯೆರೂಸಲೇಮಿನ ಅಧಿಕಾರಿಗಳು ಬಾಯಿ ಮುಚ್ಚಿಕೊಂಡಿರಿ ಎಂದಾಗ ಪೇತ್ರನೂ ಮಿಕ್ಕ ಅಪೊಸ್ತಲರೂ ಮನುಷ್ಯರ ಮಾತಿಗಿಂತ ದೇವರ ಮಾತಿಗೆ ಮೊದಲು ತಲೆಬಾಗಬೇಕೆಂದು ಉತ್ತರ ಕೊಟ್ಟರು. ಯಾರಿಗೆ ವಿಧೇಯರು ಎಂಬ ಪ್ರಶ್ನೆ ಕೇಳದೆ ವಿಧೇಯತೆಯನ್ನು ಹೊಗಳುವುದು ಅಪಾಯಕರ.

ಈ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೇ ಎದುರಿಸಿದ ಒಬ್ಬರನ್ನು ನಮ್ಮ ಜಿಲ್ಲೆ ಕಂಡಿದೆ. ವಿಸೆಂಟೆ ಫೆರರ್ ಅವರು 1920ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಜೆಸ್ವಿಟ್ ಸಂಘದ ಗುರುವಾಗಿ ಮಹಾರಾಷ್ಟ್ರದ ಮನ್ಮಾಡಿನಲ್ಲಿ ಬಡ ರೈತರ ನಡುವೆ ದುಡಿದರು. 1968ರಲ್ಲಿ ದೇಶ ಬಿಟ್ಟು ಹೋಗಬೇಕಾಯಿತು. 1969ರಲ್ಲಿ ಹಿಂದಿರುಗಿ ಅನಂತಪುರಕ್ಕೆ ಬಂದು ನೆಲೆಸಿದರು. ಮರುವರ್ಷ ತಮ್ಮ ಸಂಘವನ್ನೇ ಬಿಟ್ಟರು. ವಿಧೇಯತೆಯ ವ್ರತ ತೊಟ್ಟವರು ಸಂಘವನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ನಾವು ಕಂಡದ್ದಿಷ್ಟು: 2009ರ ಜೂನ್ 19ರಂದು ಅನಂತಪುರದಲ್ಲಿಯೇ ಕಣ್ಣು ಮುಚ್ಚುವವರೆಗೆ, ನಲವತ್ತು ವರ್ಷ, ಅವರು ಈ ಬರದ ನೆಲವನ್ನು ಬಿಟ್ಟು ಹೋಗಲಿಲ್ಲ. ಬಾವಿ, ಗಿಡಮರ, ಮನೆ, ಶಾಲೆ, ಬತ್ತಲಪಲ್ಲಿಯ ಆಸ್ಪತ್ರೆ, ನಮ್ಮ ಮಗ್ಗುಲ ಕಣೇಕಲ್ಲಿನ ಆಸ್ಪತ್ರೆ, ಹೀಗೆ ಅವರು ಕಟ್ಟಿದ ಸಂಸ್ಥೆಯ ಕೆಲಸ ಬೆಳೆಯಿತು. ಬಡವರಿಗೆ ಉಣ್ಣಲು ಕೊಟ್ಟದ್ದು ತನಗೇ ಕೊಟ್ಟಂತೆ ಎಂದು ಯೇಸು ಸ್ವಾಮಿಯು ಹೇಳಿದ ಮಾತಿಗೆ ಅವರು ವಿಧೇಯರಾಗಿದ್ದರು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಇನ್ನು ವಿಶ್ವಾಸದ ಮಾತು. ಬಿಡದೆ ಪ್ರಾರ್ಥಿಸಿರಿ ಎಂದು ಸತ್ಯವೇದ ಕಲಿಸುತ್ತದೆ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಾಗಿಲನ್ನು ದಿನವೂ ತಟ್ಟಿದ ವಿಧವೆಯ ಸಾಮ್ಯ ಲೂಕನ ಸುವಾರ್ತೆಯಲ್ಲಿದೆ. ನಡುರಾತ್ರಿಯಲ್ಲಿ ರೊಟ್ಟಿ ಕೇಳಲು ಹೋದ ಸ್ನೇಹಿತನದೂ ಇದೆ. ಅದೇ ಸತ್ಯವೇದವು ದೇವರ ಚಿತ್ತಕ್ಕೆ ತಲೆಬಾಗಿರಿ ಎಂದೂ ಕಲಿಸುತ್ತದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ನಮ್ಮನ್ನು ಕೇಳಿದಳು: ದೇವರ ಚಿತ್ತದಂತೆಯೇ ಆಗುವುದಾದರೆ ಬಿಡದೆ ಕೇಳುವುದೇಕೆ? ಬಿಡದೆ ಕೇಳುವುದಾದರೆ ಅದು ಹಟವಾಗುವುದಿಲ್ಲವೇ? ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇವೆ ಎಂದು ಗಂಟೆ ಮುಗಿಸಿದೆವು.

ಉತ್ತರವು ನಮಗೆ ಪುಸ್ತಕದಿಂದ ಬರಲಿಲ್ಲ. ನಮ್ಮ ಸಭೆಯಲ್ಲಿ ಒಬ್ಬ ತಾಯಿ ಇದ್ದರು. ಕೂಲಿ ಮಾಡಿ ಒಬ್ಬನೇ ಮಗನನ್ನು ಸಾಕಿದವರು. ಆ ಮಗನಿಗೆ ಗುಣವಾಗದ ಕಾಯಿಲೆ ಬಂದಿತು. ಆಕೆ ಎರಡು ವರ್ಷ ಪ್ರತಿ ಶನಿವಾರ ಸಂಜೆ ದೇವಾಲಯದ ನೆಲವನ್ನು ಗುಡಿಸಿ ಒರೆಸಿ, ಎಲ್ಲರೂ ಹೋದ ಮೇಲೆ ಮೊಣಕಾಲೂರಿ ಮಗನ ಜೀವವನ್ನು ಬೇಡುತ್ತಿದ್ದರು. ನಾವೂ ಆಕೆಯೊಡನೆ ಬೇಡಿದೆವು. ಮಗ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮೊದಲನೆಯ ಶನಿವಾರ, ಇನ್ನು ಆಕೆ ಬರುವುದಿಲ್ಲವೆಂದು ತಿಳಿದು, ನಾವು ಪೊರಕೆ ಹಿಡಿದು ದೇವಾಲಯಕ್ಕೆ ಹೋದೆವು. ಆಕೆ ಆಗಲೇ ಅರ್ಧ ನೆಲವನ್ನು ಗುಡಿಸಿದ್ದರು. ನಮ್ಮನ್ನು ಕಂಡು, ದೇವರೊಡನೆ ನನಗೆ ಸಿಟ್ಟಿದೆ, ಆದರೆ ಕಸ ಹಾಗೆಯೇ ಬಿಡುವುದಕ್ಕೆ ಆಗುವುದಿಲ್ಲ ಎಂದರು. ಆಮೇಲೆ ಹಿಂದಿನಂತೆಯೇ ಮೊಣಕಾಲೂರಿದರು. ಏನು ಬೇಡಿದರೆಂದು ನಾವು ಕೇಳಲಿಲ್ಲ.

ಆ ರಾತ್ರಿ ಗೆತ್ಸೆಮನೆ ತೋಟದ ಭಾಗವನ್ನು ಓದಿದಾಗ ಹಿಂದೆ ಕಾಣದಿದ್ದದ್ದು ಕಂಡಿತು. ಅಲ್ಲಿ ಯೇಸು ಸ್ವಾಮಿಯು ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡುತ್ತಾನೆ. ಮುಂದಿರುವ ಕಷ್ಟವು ತಪ್ಪಿಹೋಗಲಿ ಎಂದು ಕೇಳಲು ಅವನು ನಾಚಲಿಲ್ಲ. ಒಂದು ಸಲ ಕೇಳಿ ಸುಮ್ಮನಾಗಲೂ ಇಲ್ಲ. ಆದರೆ ಮೂರು ಸಲವೂ ತಂದೆಯ ಚಿತ್ತವನ್ನು ತನ್ನ ಬೇಡಿಕೆಯ ಪಕ್ಕದಲ್ಲಿಯೇ ಇಟ್ಟನು. ಕೇಳಿದ್ದು ಸಿಗಲಿಲ್ಲ, ಎದ್ದು ತನ್ನನ್ನು ಹಿಡಿಯಲು ಬಂದವರ ಎದುರಿಗೆ ನಡೆದನು. ಬಿಡದೆ ಕೇಳುವುದೂ ವಿಧೇಯವಾಗಿ ಏಳುವುದೂ ಒಬ್ಬನೇ ಮಗನ ಎರಡು ಕೆಲಸಗಳು. ತಂದೆಯ ಮನೆಯಲ್ಲಿ ನಂಬಿಕೆಯಿಲ್ಲದವನು ಕೇಳುವುದೇ ಇಲ್ಲ. ಹೊರಗೆ ಹೋಗಿ ಗೊಣಗುತ್ತಾನೆ. ನಂಬಿಕೆಯಿರುವವನು ಒಳಗೆ ಬಂದು ಕೇಳುತ್ತಾನೆ, ಸಿಟ್ಟಿದ್ದರೆ ಅದನ್ನೂ ಹೇಳುತ್ತಾನೆ, ಮತ್ತು ಬೆಳಗಾದರೆ ಕೆಲಸಕ್ಕೆ ಹೋಗುತ್ತಾನೆ. ಮರುದಿನ ಆ ಹುಡುಗಿಗೆ ನಾವು ಹೇಳಿದ ಉತ್ತರ ಇಷ್ಟೇ. ಅವಳಿಗೆ ಅದು ಪೂರ್ತಿ ಸಮಾಧಾನ ತಂದಿತೆಂದು ಹೇಳಲಾರೆವು. ನಮಗೂ ಪೂರ್ತಿ ತಂದಿಲ್ಲ. ಆದರೆ ಅಂದಿನಿಂದ ನಮ್ಮ ಪ್ರಾರ್ಥನೆ ನಿಂತಿಲ್ಲ.

ಇಷ್ಟು ಹೇಳಿ ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿಯೂ ಅದರ ಹಲವು ತಾಲ್ಲೂಕುಗಳೂ ಮೈಸೂರಿಗೆ ಸೇರಿದವು; ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿತ್ತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಹೀಗೆ ಸರಿಯುತ್ತಿದ್ದರೂ ಮನೆಯೊಳಗಿನ ಮಾತು ಸರಿಯಲಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಸುತ್ತಿನ ಹಳ್ಳಿಗಳಲ್ಲಿಯೂ, ಅಮರಾಪುರ, ರೊಳ್ಳ, ಅಗಳಿಗಳಲ್ಲಿಯೂ, ಇತ್ತ ವೇದಾವತಿಯ ದಂಡೆಯ ಊರುಗಳಲ್ಲಿಯೂ ಕನ್ನಡದ ಮಕ್ಕಳು ಹುಟ್ಟುತ್ತಲೇ ಇದ್ದಾರೆ. ತೆಲುಗು ನಮ್ಮ ನೆರೆಯ ಭಾಷೆ, ನಮ್ಮ ರಾಜ್ಯದ ಭಾಷೆ. ನಾವು ಅದನ್ನು ಪ್ರೀತಿಯಿಂದ ಕಲಿತಿದ್ದೇವೆ, ಕಲಿಸುತ್ತೇವೆ. ತಾಯಿಯ ಮಾತಿನಲ್ಲಿ ಮೊದಲನೆಯ ಅಕ್ಷರ ಕಲಿಸುವುದು ಮಾತ್ರ ನಮಗೆ ಒಪ್ಪಿಸಲ್ಪಟ್ಟ ಕೆಲಸ.

ಆ ಕೆಲಸವು ಎಲ್ಲ ವರ್ಷಗಳಲ್ಲಿಯೂ ಹಗುರವಾಗಿರಲಿಲ್ಲ. ಕನ್ನಡದ ಪಠ್ಯಪುಸ್ತಕಗಳು ಕೈಗೆ ಬರುವುದು ತಡವಾದ ವರ್ಷಗಳಲ್ಲಿ ನಮ್ಮ ಉಪಾಧ್ಯಾಯರು ಪಾಠಗಳನ್ನು ರಾತ್ರಿ ಕೈಯಲ್ಲಿ ಬರೆದು ಬೆಳಿಗ್ಗೆ ಹಲಗೆಯ ಮೇಲೆ ಬರೆದರು. ಮಕ್ಕಳು ನೋಡಿ ಬರೆದುಕೊಂಡರು. ಒಂದನೆಯ ತರಗತಿಗೆ ಬೆರಳೆಣಿಕೆಯ ಮಕ್ಕಳು ಮಾತ್ರ ಸೇರಿದ ವರ್ಷವೂ ಇತ್ತು. ಈ ಶಾಲೆ ಇನ್ನೆಷ್ಟು ದಿನ ಎಂದು ಜನ ಮಾತಾಡಿಕೊಂಡರು. ಆ ಜೂನ್ ತಿಂಗಳಿನಲ್ಲಿ ಉಪಾಧ್ಯಾಯರು ಇಬ್ಬಿಬ್ಬರಾಗಿ ಮನೆಮನೆಗೆ ಹೋದರು. ಕೆಲವರು ನೀರು ಕೊಟ್ಟು ಕೂರಿಸಿದರು. ಕೆಲವರು ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿದರು. ಆ ಪ್ರಶ್ನೆಗೆ ತಲೆ ತಗ್ಗಿಸಬೇಕಾದವರೂ ನಮ್ಮಲ್ಲಿದ್ದರು ಎಂಬುದನ್ನು ಈ ದಿನ ಒಪ್ಪಿಕೊಳ್ಳದಿದ್ದರೆ ವಿಧೇಯತೆಯ ಬಗೆಗೆ ಮಾತಾಡುವ ಹಕ್ಕು ನಮಗಿಲ್ಲ. ಬಾಯಲ್ಲಿ ಆಗಲಿ ಎಂದು ಹೇಳಿ ತೋಟಕ್ಕೆ ಹೋಗದ ಮಗ ನಾವೇ ಆಗಿದ್ದ ದಿನಗಳುಂಟು. ಆ ವರ್ಷ ನಮ್ಮ ಉಪಾಧ್ಯಾಯರಲ್ಲಿ ಒಬ್ಬರು ಮರುದಿನವೇ ತಮ್ಮ ಮಗಳ ಕೈ ಹಿಡಿದು ತಂದು ಇಲ್ಲಿ ಸೇರಿಸಿದರು. ಶಾಲೆ ಉಳಿದದ್ದು ಇಂತಹ ನಡೆಗಳಿಂದ, ಭಾಷಣಗಳಿಂದಲ್ಲ.

ಪೋಷಕರಲ್ಲಿ ನಮ್ಮ ವಿನಂತಿ ಇದು. ನಿಮ್ಮ ಮಗು ಇಲ್ಲ ಎಂದಾಗ ಒಂದು ಗಳಿಗೆ ತಾಳಿ, ಏಕೆ ಎಂದು ಕೇಳಿರಿ. ಹೌದು ಎಂದಾಗಲೂ ಅಷ್ಟಕ್ಕೇ ತೃಪ್ತರಾಗದೆ ಅದು ಏನು ಮಾಡುತ್ತದೆಂದು ನೋಡಿರಿ. ಅಕ್ಸಾಳಂತೆ ನಿಮ್ಮ ಮಗಳು ನೀರಿನ ಬುಗ್ಗೆಯನ್ನು ಕೇಳಿಕೊಂಡು ಬಂದರೆ, ಎಂದರೆ ಇನ್ನೂ ಓದುತ್ತೇನೆಂದು ಬಂದರೆ, ಮೇಲಿನದನ್ನೂ ಕೆಳಗಿನದನ್ನೂ ಕೊಡಿರಿ. ಹಳೆಯ ವಿದ್ಯಾರ್ಥಿಗಳೇ, ನೀವು ಬೆಂಗಳೂರಿನಲ್ಲಿರಿ, ಬಳ್ಳಾರಿಯಲ್ಲಿರಿ, ಹೊರದೇಶದಲ್ಲಿರಿ. ಇಲ್ಲಿಯ ಮಕ್ಕಳಿಗೆ ಹಣಕ್ಕಿಂತ ಮೊದಲು ಬೇಕಾದದ್ದು ನಿಮ್ಮ ಭೇಟಿ. ಕನ್ನಡದಲ್ಲಿ ಓದಿದವನು ಎಲ್ಲಿಯವರೆಗೆ ಹೋಗಬಲ್ಲನೆಂದು ಅವರು ಕಣ್ಣಾರೆ ಕಾಣಬೇಕು. ವರ್ಷಕ್ಕೊಮ್ಮೆ ಬಂದು ಒಂದು ಪಾಠ ಹೇಳಿ ಹೋಗಿರಿ. ಸಹೋದ್ಯೋಗಿಗಳೇ, ನಮ್ಮ ಕೆಲಸವನ್ನು ಮುಂದಿನವರು ತಿದ್ದುತ್ತಾರೆ. ತಿದ್ದಲಿ. ತಿದ್ದಲು ಯೋಗ್ಯವಾದ ಒಂದು ಪ್ರತಿಯನ್ನು ಬಿಟ್ಟುಹೋಗುವುದು ನಮ್ಮ ಪಾಲಿನದು.

ನಿವೃತ್ತಿಯ ದಿನವು ನಮಗೂ ದೂರವಿಲ್ಲ. ಕಾಲೇಬನಂತೆ ಬೆಟ್ಟವನ್ನು ಕೇಳುವ ಧೈರ್ಯ ನಮ್ಮಲ್ಲಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಂಡಿದ್ದೇವೆ. ಬರುವ ಜೂನ್ ತಿಂಗಳಿನಲ್ಲಿ ಒಂದನೆಯ ತರಗತಿಯನ್ನು ನಾವೇ ತೆಗೆದುಕೊಳ್ಳಬೇಕೆಂದು ನಿರ್ಧರಿಸಿದ್ದೇವೆ. ಮುಖ್ಯೋಪಾಧ್ಯಾಯಿನಿಯ ಕುರ್ಚಿಗಿಂತ ಆ ನೆಲ ಎತ್ತರವಾದದ್ದು. ಅಲ್ಲಿ ಆಗುವುದಿಲ್ಲ ಮೇಡಂ ಎನ್ನುವ ಮಗು ಯಾವುದಾದರೂ ಸಿಕ್ಕರೆ ಈ ಸಲ ಹೊರಗೆ ನಿಲ್ಲಿಸುವುದಿಲ್ಲ.

ಗೋಡೆಯ ಉದ್ದಕ್ಕೂ ಇರುವ ಬೇವಿನ ಮರಗಳ ನೆರಳಿನಲ್ಲಿ ಇಂದು ನಿಮಗೆ ಊಟಕ್ಕೆ ಎಲೆ ಹಾಕಿದ್ದಾರೆ. ಅವುಗಳಿಗೆ ನೀರು ಹಾಕಿದವನು ಈ ಸಭೆಯಲ್ಲಿಯೇ ಕುಳಿತಿದ್ದಾನೆ. ಹೆಸರು ಹೇಳಬೇಡಿರೆಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಾನೆ. ಅವನ ಮಾತಿಗೆ ನಾವು ವಿಧೇಯರಾಗಿದ್ದೇವೆ.

 ದೇವರು ನಿಮ್ಮೆಲ್ಲರನ್ನೂ, ಈ ಶಾಲೆಯನ್ನೂ, ಈ ನೆಲವನ್ನೂ ಆಶೀರ್ವದಿಸಲಿ. ಸಕಾಲಕ್ಕೆ ಮಳೆ ಕೊಡಲಿ.